ದೊರೆಯ ಹಾಸಿಗೆಯ ಬಿಳಿ ಟವಲು

ಮಗಳು ಗಂಡನ ಮನೆ ಬಿಟ್ಟು ಬಂದ ದಿನ ಅವಳ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಪಂಜರ. ಪಂಜರದಲ್ಲಿರುವುದು ಮುಂಗುಸಿಯೋ, ಅಳಿಲೋ, ಉದ್ದಕ್ಕೆ ಎಳೆದ ಬೆಕ್ಕಿನ ಮರಿಯೋ ಎಂದು ನಾನು ಬಗ್ಗಿ ನೋಡುತ್ತಿರುವಾಗಲೇ ಅದರ ವಾಸನೆ ಬಂದು ಮೂಗಿಗೆ ಬಡಿಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಫೆರೆಟ್ ಅಂತಾರಮ್ಮ ಇದಕ್ಕೆ," ಎಂದಳು. "ಎಳೆದ ಹಾಗೆಲ್ಲ ಉದ್ದ ಆಗುತ್ತೆ. ಅದಕ್ಕೆ ರಬ್ಬರು ಅಂತ ಹೆಸರಿಟ್ಟಿದೀನಿ."

"ಮನೇಲಿ ಸಾಕೋ ಪ್ರಾಣಿನಾ ಇದು?"

"ಸಾಕಿದ್ದೇ. ಅವನೇ ಆಸೆಪಟ್ಟು ತಂದ, ಆಸೆ ತೀರಿದ ಮೇಲೆ ಬೀದಿಗೆ ಬಿಡ್ತೀನಿ ಅಂದ. ನಂಗೆ ಬೇರೇನೂ ಬೇಡ, ಇದನ್ನ ಕೊಟ್ಬಿಡು ಅಂತ ಹೇಳಿ ಎತ್ಕೊಂಡು ಬಂದೆ."

ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ ನಮ್ಮ ಯಜಮಾನರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ಇಷ್ಟು ವರ್ಷ ಸಂಸಾರ ಮಾಡಿ ತಂದದ್ದು ಇದನ್ನಾ?" ಎಂದರು. ಮಗಳು ಬಂದಿದ್ದಾಳೆ, ಮುಖ ಬಾಡಿದೆ, ಒಂದು ಲೋಟ ನೀರು ಕೊಡೋಣ ಎನ್ನುವುದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ನಮ್ಮ ಅತ್ತೆ ಒಳಗಿನಿಂದ ಬಂದರು. ಪಂಜರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಆ ಪ್ರಾಣಿಯನ್ನು ಮೇಲಿಂದ ಕೆಳಗೆ ನೋಡಿದರು. ಅದು ಸರಳಿನ ನಡುವೆ ಮೂತಿ ತೂರಿಸಿ ಅವರ ಬೆರಳು ಮೂಸಿತು.

"ಪಾಪ, ಎಷ್ಟು ಚೆನ್ನಾಗಿದೆ," ಎಂದರು.

"ನಾರ್ತಾ ಇದೆ ಅಮ್ಮ," ಎಂದರು ಇವರು.

"ಎಲ್ಲಿ ನಾರುತ್ತೆ? ನಂಗೇನೂ ವಾಸನೆ ಬರ್ತಿಲ್ಲವಲ್ಲ."

ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನೆಗಡಿಯಾಗಿದೆ ಎಂದು ಸುಮ್ಮನಾಗುತ್ತಿದ್ದೆವು. ಹೇಳಿದ್ದು ನಮ್ಮ ಅತ್ತೆ.

ನಮ್ಮದು ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ. ಒಗೆಯುವ ಯಂತ್ರಗಳು ಹಿಂದಿನ ಕೋಣೆಯಲ್ಲಿ, ಒಣಗಿಸುವುದು ತಾರಸಿಯಲ್ಲಿ. ಇಸ್ತ್ರಿ ಇವರದು, ಗಿರಾಕಿಗಳ ಜೊತೆ ಗುದ್ದಾಟ ನನ್ನದು. ಕೊನೆಯ ಮಾತು ಅತ್ತೆಯದು. ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ಬಟ್ಟೆಯನ್ನೂ ಅವರು ಒಮ್ಮೆ ಮೂಗಿಗೆ ಹಿಡಿಯುತ್ತಾರೆ. ಹಸಿ ಉಳಿದಿದೆಯೋ, ಸೋಪು ಸರಿಯಾಗಿ ಹೋಗಿಲ್ಲವೋ, ಕಂಕುಳಲ್ಲಿ ಬೆವರು ಕೂತಿದೆಯೋ ಅವರಿಗೆ ಗೊತ್ತಾಗುತ್ತದೆ. "ಕಳಿಸು" ಎಂದರೆ ಗಂಟು ಕಟ್ಟುತ್ತೇವೆ, "ತೊಳಿ" ಎಂದರೆ ಮತ್ತೆ ಯಂತ್ರಕ್ಕೆ. ನಾನು ಈ ಮನೆಗೆ ಬಂದಾಗಿನಿಂದ ಆ ಮಾತಿಗೆ ಯಾರೂ ಎದುರಾಡಿದ್ದಿಲ್ಲ. ಹಾಗಾಗಿ ಮೊಮ್ಮಗಳ ಮರ್ಯಾದೆ ಉಳಿಸುವುದಕ್ಕೆ ಮುದುಕಿ ಹಸಿ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಅವರ ಮೇಲೆ ಪ್ರೀತಿ ಉಕ್ಕಿ ಬಂತು.

ಮಗಳಿಗೂ ಹಾಗೇ ಅನಿಸಿರಬೇಕು. ಬಾಗಿಲಲ್ಲೇ ಅಜ್ಜಿಯ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟಳು.

ಸಮಸ್ಯೆಯಾದದ್ದು ದೊರೆಯಿಂದ. ದೊರೆ ಅಂದರೆ ನಮ್ಮ ನಾಯಿ. ತೀರಿಹೋದ ಮಾವನವರು ತಂದ ಮರಿ, ಈಗ ಮುದಿಯಾಗಿ ಇಸ್ತ್ರಿ ಮೇಜಿನ ಕೆಳಗೆ ಬಿದ್ದುಕೊಂಡಿರುತ್ತದೆ. ಸೊಂಟ ಬಿದ್ದುಹೋಗಿರುವುದರಿಂದ ಮೆಟ್ಟಿಲು ಹತ್ತುವುದಿಲ್ಲ. ಆದರೆ ಹಲ್ಲಿಗೆ ಮುಪ್ಪು ಬಂದಿಲ್ಲ. ಹಿಂದಿನ ಕೋಣೆಗೆ ನುಗ್ಗಿದ ಹೆಗ್ಗಣಗಳನ್ನು ಒಂದೇ ಏಟಿಗೆ ಕತ್ತು ಮುರಿದು ತಂದು ನಮ್ಮ ಕಾಲ ಬಳಿ ಇಡುವುದು ಅದರ ಹಳೆಯ ಚಟ. ಪಂಜರದ ಪ್ರಾಣಿ ನೋಡಿದರೆ ಹೆಗ್ಗಣದ ದೊಡ್ಡಪ್ಪನ ಹಾಗಿದೆ.

ಅವತ್ತು ಊಟಕ್ಕೆ ಕೂತಾಗಲೇ ಶುರುವಾಯಿತು.

"ಅದನ್ನ ಯಾರಿಗಾದ್ರೂ ಕೊಟ್ಬಿಡು," ಎಂದರು ಇವರು, ತಟ್ಟೆಯಿಂದ ತಲೆ ಎತ್ತದೆ.

"ಕೊಡಲ್ಲ."

"ದೊರೆ ಕೈಗೆ ಸಿಕ್ಕಿದ್ರೆ ಏನಾಗುತ್ತೆ ಗೊತ್ತಾ?"

"ನಿಧಾನವಾಗಿ ಪರಿಚಯ ಮಾಡಿಸಿದ್ರೆ ಏನೂ ಆಗಲ್ಲ ಅಂತ ಪ್ರಾಣಿಗಳ ಡಾಕ್ಟರು ಹೇಳಿದಾರೆ. ಕೇಳ್ಕೊಂಡೇ ಬಂದಿದೀನಿ."

"ಪರಿಚಯ ಅಂದ್ರೆ? ಇಬ್ಬರನ್ನೂ ಕೂರಿಸಿ ಹೆಸರು ಹೇಳಿಸ್ತೀಯಾ?"

"ರೀ, ಊಟ ಮಾಡೋಕೆ ಬಿಡ್ರೀ ಅವಳನ್ನ," ಎಂದೆ ನಾನು.

"ನೀನು ಸುಮ್ನಿರು. ನೋಡಮ್ಮ, ಸ್ವಲ್ಪ ದಿನ ನೋಡ್ತೀನಿ. ದೊರೆಗೂ ಅದಕ್ಕೂ ಹೊಂದ್ಕೊಂಡ್ರೆ ಸರಿ. ಇಲ್ಲ ಅಂದ್ರೆ ಅದು ಈ ಮನೇಲಿರಲ್ಲ."

ಮಗಳು ಕೈ ತೊಳೆಯಲು ಎದ್ದಳು. "ಅದು ಹೋದ್ರೆ ನಾನೂ ಹೋಗ್ತೀನಪ್ಪ. ಕೆಲಸದ ಕಡೆ ಗೆಳತಿ ರೂಮಿದೆ. ಬಾ ಅಂತ ಮೊದಲೇ ಕರೆದಿದಾಳೆ. ನಾನೇ ಮನೆಗೆ ಬರಬೇಕು ಅಂತ ಬಂದೆ."

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಾಳೆ, ತನ್ನ ಹೊಟ್ಟೆ ತಾನು ಹೊರೆದುಕೊಳ್ಳುತ್ತಾಳೆ, ಹೋಗುತ್ತೇನೆ ಎಂದರೆ ಹೋಗೇ ಹೋಗುತ್ತಾಳೆ. ಒಂದು ಸಲ ಮನೆ ಮುರಿದುಕೊಂಡು ಬಂದ ಹುಡುಗಿ ಎರಡನೆಯ ಸಲವೂ ಪೆಟ್ಟಿಗೆ ಎತ್ತಿಕೊಂಡು ಬೀದಿಗಿಳಿಯುವುದನ್ನು ನೋಡಿಕೊಂಡು ನಾನು ಬದುಕಲಾರೆ. ನನಗೆ ಬೇಕಾದದ್ದು ಇಷ್ಟೇ. ಆ ಮುದಿ ನಾಯಿ ಈ ನಾರುವ ಪ್ರಾಣಿಯನ್ನು ಒಪ್ಪಿಕೊಳ್ಳಬೇಕು.

ಡಾಕ್ಟರು ಹೇಳಿದ ಉಪಾಯ ಸುಲಭದ್ದು. ನಾಯಿ ಕಣ್ಣಿಗಿಂತ ಮೊದಲು ಮೂಗಿನಿಂದ ಪರಿಚಯ ಮಾಡಿಕೊಳ್ಳುತ್ತದಂತೆ. ದಿನವೂ ರಬ್ಬರಿನ ಮೈಯನ್ನು ಒಂದು ಟವಲಿನಿಂದ ಉಜ್ಜಿ ಆ ಟವಲನ್ನು ದೊರೆ ಮಲಗುವ ಹಾಸಿಗೆಯಲ್ಲಿ ಇಡಬೇಕು. ಮೊದಮೊದಲು ಗುರುಗುಟ್ಟುತ್ತದೆ, ಆಮೇಲೆ ಅದರ ಮೇಲೇ ಮಲಗುತ್ತದೆ. ಹಾಗೆ ಮಲಗಿದ ಮೇಲೆ ಮುಖಾಮುಖಿ ಮಾಡಿಸಬಹುದು. ನಮ್ಮಲ್ಲಿ ಟವಲಿಗೇನು ಬರ. ಮಗಳು ಅಂಗಡಿಯ ಬಿಳಿ ಟವಲುಗಳ ರಾಶಿಯಿಂದ ಒಂದನ್ನು ಎತ್ತಿಕೊಂಡು, ದಿನಾ ಕೆಲಸಕ್ಕೆ ಹೊರಡುವ ಮುಂಚೆ ರಬ್ಬರಿನ ಹೊಟ್ಟೆ ಬೆನ್ನು ಎಲ್ಲ ಉಜ್ಜಿ, ಕೆಳಗೆ ಬಂದು ದೊರೆಯ ಹಾಸಿಗೆಯ ಮೂಲೆಯಲ್ಲಿಟ್ಟು ಓಡುತ್ತಿದ್ದಳು.

ದೊರೆ ಒಂದು ದಿನವೂ ಗುರ್ ಎನ್ನಲಿಲ್ಲ. ಸಂಜೆ ಅವಳು ಬರುವಷ್ಟರಲ್ಲಿ ಟವಲಿನ ಮೇಲೆ ಗಲ್ಲವಿಟ್ಟು ಗೊರಕೆ ಹೊಡೆಯುತ್ತಿರುತ್ತಿತ್ತು.

"ನೋಡಪ್ಪ," ಎನ್ನುತ್ತಿದ್ದಳು. "ನಿನಗಿಂತ ನಾಯಿನೇ ವಾಸಿ."

ಇವರು ಬಗ್ಗಿ ನೋಡುತ್ತಿದ್ದರು.

ಆ ವಾರಗಳಲ್ಲಿ ಮನೆ ನೆಟ್ಟಗಿರಲಿಲ್ಲ. ರಬ್ಬರು ಒಂದು ಸಲ ಪಂಜರದಿಂದ ತಪ್ಪಿಸಿಕೊಂಡು, ಒಗೆಯಲು ಬಂದ ಬಟ್ಟೆಗಳ ರಾಶಿಗೆ ಹೊಕ್ಕು, ಗಿರಾಕಿಗಳ ಕಾಲುಚೀಲಗಳನ್ನೆಲ್ಲ ಹೊತ್ತುಕೊಂಡು ಹೋಗಿ ಬೀರುವಿನ ಅಡಿಯಲ್ಲಿ ಬಚ್ಚಿಟ್ಟಿತು. ನಾನು ನೆಲಕ್ಕೆ ಮಲಗಿ ಕೋಲಿನಲ್ಲಿ ಎಳೆದೆ. ಮೆಟ್ಟಿಲ ತುಂಬ ಅದರ ಘಾಟು. ಇವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹತ್ತಿ ಇಳಿಯುತ್ತಿದ್ದರು. ಅತ್ತೆ ಮಾತ್ರ, "ಎಲ್ಲದಕ್ಕೂ ನಾಟಕ ಇವನದು. ಯಾವ ವಾಸನೇನೂ ಇಲ್ಲ, ಏನಿಲ್ಲ," ಎಂದು ಮಗನನ್ನೇ ಗದರುತ್ತಿದ್ದರು. ಒಂದು ದಿನ ಬೆಳಿಗ್ಗೆ ನಾನು ಹಾಲು ಸೀಯಿಸಿಬಿಟ್ಟೆ. ಇವರು ಲೋಟ ಬಾಯಿಗಿಟ್ಟವರೇ ಕೆಳಗಿಟ್ಟರು. ಅತ್ತೆ ಪೂರ್ತಿ ಕುಡಿದು ಲೋಟ ತೊಳೆದಿಟ್ಟರು. ವಯಸ್ಸಾಗುತ್ತಾ ಎಷ್ಟು ಮೆತ್ತಗಾಗಿದ್ದಾರೆ ಎಂದುಕೊಂಡೆ. ಹೊಸ ಸೊಸೆಯಾಗಿದ್ದಾಗ ಸೀದ ಹಾಲಿಗೆ ಇದೇ ಹೆಂಗಸು ನನಗೆ ಮಂಗಳಾರತಿ ಎತ್ತಿದ್ದರು.

ಆಮೇಲೆ ಹೋಟೆಲಿನ ಗಂಟು ವಾಪಸು ಬಂತು. ನಮ್ಮ ದೊಡ್ಡ ಗಿರಾಕಿ ಆ ಹೋಟೆಲೇ. ಮೇಜಿನ ಹಾಸು, ಹಾಸಿಗೆಯ ಹೊದಿಕೆ ಎಲ್ಲ ನಮ್ಮಲ್ಲಿಗೇ ಬರುತ್ತವೆ. ಮ್ಯಾನೇಜರು ತಾವೇ ಬಂದು ಗಂಟನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದರು. "ವಾಸನೆ ಬರ್ತಿದೆ. ನಮ್ಮ ಅತಿಥಿಗಳು ದೂರು ಹೇಳ್ತಿದಾರೆ. ನಿಮ್ಮನೇಲಿ ಏನೋ ಪ್ರಾಣಿ ಸಾಕಿದೀರಂತೆ," ಎಂದರು.

ಅವರು ಹೋದ ಮೇಲೆ ಇವರು ಮಹಡಿಗೆ ಕೇಳುವ ಹಾಗೆ ಕೂಗಿದರು. "ಅನ್ನಕ್ಕೇ ಕಲ್ಲು ಬೀಳ್ತಿದೆ. ಕೇಳಿಸ್ತಾ?"

"ಭಾನುವಾರ ಪರಿಚಯ ಮಾಡಿಸಿಬಿಡ್ತೀನಿ," ಎಂದು ಮೇಲಿನಿಂದ ಉತ್ತರ ಬಂತು. "ಆಮೇಲೆ ಹೇಳು ನಿನ್ನ ತೀರ್ಪು."

ಭಾನುವಾರ ಅಂಗಡಿಗೆ ರಜೆ. ಇಸ್ತ್ರಿ ಮೇಜನ್ನು ಗೋಡೆಗೆ ಸರಿಸಿ ನೆಲ ಖಾಲಿ ಮಾಡಿದೆವು. ಇವರು ದೊರೆಯ ಹಗ್ಗ ಹಿಡಿದು ಸ್ಟೂಲಿನ ಮೇಲೆ ಕೂತರು. ಮಗಳು ರಬ್ಬರನ್ನು ಮಡಿಲಲ್ಲಿಟ್ಟುಕೊಂಡು ಎದುರಿಗೆ ನೆಲದ ಮೇಲೆ ಕೂತಳು. ಅತ್ತೆ ಅಡುಗೆಮನೆಯಲ್ಲಿದ್ದರು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ದೊರೆ ಬಾಲ ಅಲ್ಲಾಡಿಸಿತು. ಇಷ್ಟು ದಿನ ಟವಲಿನ ಮೇಲೆ ಮಲಗಿದ್ದ ನಾಯಿಯಲ್ಲವೇ ಎಂದು ನಮಗೆಲ್ಲ ಧೈರ್ಯ. ಇವರೂ ಹಗ್ಗ ಸಡಿಲ ಬಿಟ್ಟರು.

ರಬ್ಬರು ಮಡಿಲಿನಿಂದ ಜಾರಿ, ಬೆನ್ನು ಬಿಲ್ಲಿನ ಹಾಗೆ ಮಾಡಿ, ಅಡ್ಡಡ್ಡ ಎರಡು ನೆಗೆತ ನೆಗೆಯಿತು. ಅದು ಅದರ ಆಟ. ದೊರೆಯ ಕಿವಿ ನೆಟ್ಟಗಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ, ಮೆಟ್ಟಿಲು ಹತ್ತಲಾರದ ಆ ನಾಯಿ ಕೋಣೆಯ ಆ ತುದಿಯಿಂದ ಈ ತುದಿಗೆ ಹಾರಿತ್ತು. ಅದರ ಬಾಯಲ್ಲಿ ರಬ್ಬರು ಇತ್ತು.

ಮಗಳ ಚೀತ್ಕಾರ ಬೀದಿಗೆ ಕೇಳಿಸಿರಬೇಕು. ಇವರು ಸ್ಟೂಲು ಒದ್ದು ಬಂದು ನಾಯಿಯ ದವಡೆಗೆ ಕೈ ಹಾಕಿದರು. ದವಡೆ ಬಿಟ್ಟಿತು, ಆದರೆ ಹೆದರಿದ ರಬ್ಬರು ಇವರ ಹೆಬ್ಬೆರಳನ್ನೇ ಕಚ್ಚಿ ಹಿಡಿದುಕೊಂಡಿತು. ಕೈ ಎತ್ತಿದರೆ ಅದೂ ಜೊತೆಗೆ ನೇತಾಡುತ್ತಿದೆ. ಅದರ ಹಿಂಗಾಲಿನಿಂದ ರಕ್ತ, ಇವರ ಬೆರಳಿನಿಂದ ರಕ್ತ, ತೊಳೆದಿಟ್ಟ ಹಾಸುಗಳ ಮೇಲೆಲ್ಲ ರಕ್ತ. ಅಷ್ಟು ದಿನ ಗೊರಕೆ ಹೊಡೆದ ನಾಯಿ ಹೀಗೆ ಮಾಡಬಹುದೆಂದು ಯಾರು ನಂಬುತ್ತಾರೆ. ಕೊನೆಗೆ ಕೈಗೆ ಸಿಕ್ಕಿದ ಬಟ್ಟೆ, ದೊರೆಯ ಹಾಸಿಗೆಯ ಮೂಲೆಯಲ್ಲಿದ್ದ ಟವಲು ಎಳೆದುಕೊಂಡು ಆ ಪ್ರಾಣಿಯನ್ನು ಸುತ್ತಿ ಮಗಳ ಕೈಗೆ ಕೊಟ್ಟೆ. ಡಾಕ್ಟರ ಹತ್ತಿರ ಓಡಿದೆವು.

ಕಾಲಿಗೆ ಹೊಲಿಗೆ ಬಿತ್ತು. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಇವರ ಹೆಬ್ಬೆರಳಿಗೆ ಬೇರೆ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಬೇಕಾಯಿತು.

"ಟವಲಿನ ಅಭ್ಯಾಸ ಮಾಡಿಸಿದ್ರಾ?" ಎಂದು ಕೇಳಿದರು ಡಾಕ್ಟರು.

"ದಿನಾ ಮಾಡಿಸಿದೆ. ಅದರ ಮೇಲೇ ಮಲಗ್ತಿತ್ತು. ಈಗ ಸುತ್ತಿಕೊಂಡು ಬಂದಿದೀವಲ್ಲ, ಇದೇ ಟವಲು," ಎಂದಳು ಮಗಳು.

ನಾನು ಟವಲಿನ ಕಡೆ ನೋಡಿದೆ. ನೋಡಿದವಳು ನೋಡುತ್ತಲೇ ನಿಂತೆ. ರಕ್ತದ ಕಲೆ ಒಂದು ಕಡೆ. ಇನ್ನೊಂದು ಕಡೆ ಮಡಿಕೆಯ ಗೆರೆ, ಈಗಷ್ಟೇ ಹಾಕಿದ ಹಾಗೆ ಚೂಪಾಗಿತ್ತು. ಅದೂ ಮೂರು ಮಡಿಕೆ. ನಮ್ಮ ಅಂಗಡಿಯಲ್ಲಿ ನಾನೂ ಇವರೂ ಟವಲನ್ನು ನಾಲ್ಕು ಮಡಿಕೆ ಮಾಡುತ್ತೇವೆ. ಮೂರು ಮಡಿಕೆ ಮಾಡುವ ಕೈ ಮನೆಯಲ್ಲಿ ಒಂದೇ ಇದೆ.

"ನಾಳೆ ಬೆಳಿಗ್ಗೆ ಹೊರಡ್ತೀನಮ್ಮ," ಎಂದು ಮಗಳು ದಾರಿಯಲ್ಲಿ ಹೇಳಿದಳು. ಮನೆಗೆ ಬಂದವಳೇ ಅವಳು ಮೇಲೆ ಹೋಗಿ ಸೂಟ್‌ಕೇಸು ಎಳೆದಳು. ಅದರ ಸದ್ದು ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿ ತೆರೆಯಿತು.

"ಅತ್ತೆ, ದೊರೆ ಹಾಸಿಗೆಯ ಟವಲು ತೊಳೆದವರು ಯಾರು?"

ಅವರು ರಕ್ತವಾದ ಹಾಸುಗಳನ್ನು ತಣ್ಣೀರಲ್ಲಿ ನೆನೆಹಾಕುತ್ತಿದ್ದರು. "ನಾನೇ. ಯಾಕೆ?"

"ಇವತ್ತಾ?"

"ದಿನಾನೂ. ಪುಟ್ಟಿ ಕೆಲಸಕ್ಕೆ ಹೋದ ಮೇಲೆ ಬುಟ್ಟಿ ಹಿಡ್ಕೊಂಡು ಒಂದು ಸುತ್ತು ಬರ್ತೀನಲ್ಲ. ನೆಲದ ಮೇಲೆ ಬಿಳಿ ಟವಲು ಬಿದ್ದಿತ್ತು, ತೊಗೊಂಡು ಒಗೆದು, ಬೇರೆ ಒಂದು ಅಲ್ಲೇ ಮಡಚಿಡ್ತಿದ್ದೆ. ನಾಯಿಗೆ ಅಂತ ಇಟ್ಟಿದಾಳೆ, ಮುದಿ ಪ್ರಾಣಿ, ಮಡಿಯಾಗಿರಲಿ ಅಂತ."

ಮಗಳು ಪಂಜರ ಹಿಡಿದು ಅರ್ಧ ಮೆಟ್ಟಿಲು ಇಳಿದು ನಿಂತಿದ್ದಳು.

"ತೊಳೀತಿದ್ದೆಯಾ? ಇಷ್ಟು ದಿನಾನೂ?"

"ಏನಾಯ್ತೀಗ?"

"ಅಜ್ಜಿ, ಅದು ವಾಸನೆಗೆ ಇಟ್ಟಿದ್ದು. ದಿನಾ ಊಟಕ್ಕೆ ಕೂತಾಗ ಹೇಳ್ತಿದ್ದೆನಲ್ಲ."

"ನಾಯಿಗೆ ಟವಲು ಇಡ್ತೀನಿ ಅಂತಷ್ಟೇ ನೀನು ಹೇಳ್ತಿದ್ದೆ. ಇಟ್ಟ ಟವಲಿನಲ್ಲಿ ವಾಸನೆ ಇದ್ದಿದ್ರೆ ತಾನೇ ನಂಗೆ ತಿಳಿಯೋದು."

"ಊರೆಲ್ಲ ನಾರುತ್ತೆ ಅಂತಾರೆ, ನಿನ್ನ ಮೂಗಿಗೆ ಅದೊಂದೇ ಗೊತ್ತಾಗಲಿಲ್ವಾ?" ಮಗಳು ಪಂಜರದೊಳಗೆ ಕೈ ಹಾಕಿ ರಬ್ಬರು ಮಲಗುವ ಬಟ್ಟೆಯ ಚೀಲವನ್ನು ಎಳೆದು ಅಜ್ಜಿಯ ಕಡೆಗೆ ಎಸೆದಳು. ಬಂದ ದಿನದಿಂದ ನೀರು ಕಾಣದ ಚೀಲ. ಅದು ಗಾಳಿಯಲ್ಲಿ ಹಾರಿ ಬರುವಾಗಲೇ ನಾನು ಸೆರಗು ಮೂಗಿಗೆ ಒತ್ತಿಕೊಂಡೆ.

ಅತ್ತೆ ಕೈ ಒರೆಸಿಕೊಂಡರು. ಚೀಲವನ್ನು ಎತ್ತಿದರು. ಯಾರೂ ಹೇಳದಿದ್ದರೂ, ಕೈಗೆ ಬಂದ ಯಾವ ಬಟ್ಟೆಯನ್ನಾದರೂ ಮಾಡುವ ಹಾಗೆ, ಮೂಗಿನ ಹತ್ತಿರ ಹಿಡಿದು ಒಂದು ಉಸಿರು ಎಳೆದರು. ಆಮೇಲೆ ಅಂಗೈಯಿಂದ ಸವರಿ, ಮೂರು ಮಡಿಕೆ ಮಾಡಿ, ಹೋಟೆಲಿಗೆ ಹೋಗಬೇಕಾದ ಶುಭ್ರ ಹಾಸುಗಳ ಮೇಲೆ ಇಟ್ಟರು.

"ಒಣಗಿದೆಯಲ್ಲ," ಎಂದರು. "ಕಳಿಸು."

ಇವರು ಪಟ್ಟಿ ಕಟ್ಟಿದ ಕೈ ಮೇಲೆತ್ತಿ ಹಾಗೇ ನಿಂತುಬಿಟ್ಟಿದ್ದರು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ ಮೇಲೆ ಅತ್ತೆ ಚೀಲವನ್ನು ಮತ್ತೆ ಎತ್ತಿದರು. ಈ ಸಲ ಮೂಗನ್ನು ಅದರೊಳಗೇ ಹುದುಗಿಸಿದರು.

"ನಾರ್ತಿದೆಯಾ ಇದು?"

ನಾನು ಹೌದೆಂದು ತಲೆಯಾಡಿಸಿದೆ.

"ತುಂಬಾನಾ?"

"ತುಂಬಾ ಅತ್ತೆ."

ಅವರು ಅಲ್ಲೇ ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತರು. "ಹೋದ ವರ್ಷ ಜ್ವರ ಬಂತಲ್ಲ, ಆವಾಗ ಮೂಗು ಹೋಯ್ತು. ಸಣ್ಣ ವಾಸನೆ ಮಾತ್ರ ತಪ್ಪುತ್ತೆ, ದೊಡ್ಡದು ಸಿಗುತ್ತೆ ಅಂದ್ಕೊಂಡಿದ್ದೆ. ಬ್ಲೀಚು ಮೂಗಿಗೆ ಹೊಡೆಯುತ್ತಲ್ಲ, ಅದಕ್ಕೆ. ಯಾವುದಕ್ಕೂ ಇರಲಿ ಅಂತ ಎಲ್ಲಾನೂ ಎರಡೆರಡು ಸಲ ಒಗೀತಿದ್ದೆ."

"ಹಾಗಾದ್ರೆ ಹೋಟೆಲಿನ ಗಂಟು?" ಎಂದರು ಇವರು.

"ಎರಡನೇ ಸಲ ಒಗೆದದ್ದು ಸರಿಯಾಗಿ ಒಣಗಿರಲಿಲ್ಲ ಅನ್ಸುತ್ತೆ ಕಣೋ. ಮುಗ್ಗಲು ಹಿಡಿದಿರಬೇಕು. ನಂಗೆಲ್ಲಿ ಗೊತ್ತಾಗಬೇಕು."

ನಾನು ಅವರ ಪಕ್ಕ ಕೂತೆ. ಸೀದ ಹಾಲಿನ ಲೋಟ ನೆನಪಾಯಿತು. ಒಂದೇ ಸೂರಿನಡಿ ಇದ್ದುಕೊಂಡು ಒಂದು ವರ್ಷ ಅತ್ತೆ ಏನು ತಿಂದರೂ ಮಣ್ಣು ತಿಂದ ಹಾಗೆ ತಿಂದಿದ್ದಾರೆ. ನಾವು ಯಾರೂ ಕೇಳಿರಲಿಲ್ಲ.

ಮಗಳು ಮಾತ್ರ ಮೆಟ್ಟಿಲಿನಿಂದ ಇಳಿಯಲಿಲ್ಲ. "ಈ ಮನೇಲಿ ನೀನೊಬ್ಬಳಾದ್ರೂ ನನ್ನ ಪರ ಇದೀಯ ಅಂದ್ಕೊಂಡಿದ್ದೆ ಅಜ್ಜಿ. ವಾಸನೆ ಬರದೇ ಇದ್ದಿದ್ದಕ್ಕೆ ನನ್ನ ಪರ ಇದ್ದೆ, ಅಷ್ಟೇ ಅಲ್ವಾ?"

"ವಾಸನೆ ಬರ್ತಿರಲಿಲ್ಲ, ನಿಜ," ಎಂದರು ಅತ್ತೆ. "ಅದಕ್ಕೇ, ಇವರೆಲ್ಲ ಸುಳ್ಳು ಹೇಳ್ತಿದಾರೆ ಅಂತಲೇ ನಂಬಿದ್ದೆ ಕಣೆ ಪುಟ್ಟಿ. ಗಂಡನ ಮನೆ ಬಿಟ್ಟು ಬಂದ ಹುಡುಗಿನ ಓಡಿಸೋಕೆ ಒಂದು ನೆಪ ಬೇಕು, ವಾಸನೆ ವಾಸನೆ ಅಂತ ಎದ್ದಿದಾರೆ ಅಂತ. ನನ್ನ ಹೊಟ್ಟೇಲಿ ಹುಟ್ಟಿದ ಮಗನ್ನೇ ನೀಚ ಅಂದ್ಕೊಂಡೆ. ದಿನಾ ಅವನಿಗೆ ಊಟ ಬಡಿಸುವಾಗ ಕೈ ಬರ್ತಿರಲಿಲ್ಲ ನಂಗೆ."

ಇವರು ತಲೆ ತಗ್ಗಿಸಿದರು. ಮಗಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಮಾರನೆಯ ಬೆಳಿಗ್ಗೆ ಸೂಟ್‌ಕೇಸು ಬಾಗಿಲ ಹತ್ತಿರವೇ ಇತ್ತು. ನಾನು ಅದನ್ನು ನೋಡದ ಹಾಗೆ ಮೊಟ್ಟೆ ಬೇಯಿಸುತ್ತಿದ್ದೆ. ಇವರು ಒಂದು ಬಿಳಿ ಟವಲು ತೆಗೆದುಕೊಂಡು, ಪಟ್ಟಿ ಕಟ್ಟಿದ ಹೆಬ್ಬೆರಳನ್ನು ಎತ್ತಿ ಹಿಡಿದು, ಪಂಜರದ ಮುಂದೆ ಕೂತು ರಬ್ಬರಿನ ಬೆನ್ನು ಉಜ್ಜಿದರು. ಮುಖ ಇಷ್ಟು ದೂರ ತಿರುಗಿಸಿಕೊಂಡಿದ್ದರು. ಕೆಳಗೆ ಹೋಗಿ ಅದನ್ನು ದೊರೆಯ ಹಾಸಿಗೆಯಲ್ಲಿಟ್ಟರು. ದೊರೆ ಮೂಸಿ ನೋಡಿ, ಬೆನ್ನ ಕೂದಲು ನೆಟ್ಟಗೆ ಮಾಡಿ, ಗುರ್ ಎಂದಿತು.

"ಗುರ್ ಅಂತು," ಎಂದು ಇವರು ಕೆಳಗಿನಿಂದ ಕೂಗಿದರು. ಅಷ್ಟು ಸಂತೋಷದ ದನಿ ನಾನು ಎಷ್ಟೋ ದಿನದಿಂದ ಕೇಳಿರಲಿಲ್ಲ. "ಪುಟ್ಟಿ, ಬಾ ಇಲ್ಲಿ. ಗುರ್ ಅಂತಿದೆ."

ಮಗಳು ಇಳಿದು ಬಂದಳು. ಆ ದಿನ ಕೆಲಸಕ್ಕೆ ಹೋಗುವಾಗ ಸೂಟ್‌ಕೇಸು ಕೊಂಡೊಯ್ಯಲಿಲ್ಲ. ಒಳಗೂ ಇಡಲಿಲ್ಲ. ಬಾಗಿಲ ಹತ್ತಿರವೇ ಇತ್ತು. ನಾನು ಅದನ್ನು ಸುತ್ತಿಕೊಂಡು ಓಡಾಡಿದೆ.

ಮುಂದಿನ ವಾರ ಹೋಟೆಲಿನ ಮ್ಯಾನೇಜರು ಬಂದರು. ಮಗಳು ಕೆಲಸಕ್ಕೆ ಹೊರಡುವ ಹೊತ್ತು. ದೊರೆ ಟವಲಿನಿಂದ ಒಂದು ಮಾರು ದೂರದಲ್ಲಿ ಮುನಿಸಿಕೊಂಡು ಮಲಗಿತ್ತು. ಗಂಟುಗಳು ಮೇಜಿನ ಮೇಲೆ ಸಿದ್ಧವಾಗಿದ್ದವು.

"ಆ ಪ್ರಾಣಿ ಇನ್ನೂ ಇದೆಯಾ?" ಎಂದರು. "ಇದ್ರೆ ನಾವು ಬೇರೆ ಲಾಂಡ್ರಿ ನೋಡ್ಕೋತೀವಿ. ಖಡಾಖಂಡಿತವಾಗಿ ಹೇಳಿಬಿಡಿ."

ಇವರು ನನ್ನ ಮುಖ ನೋಡಿದರು. ನಾನು ಬಾಗಿಲ ಹತ್ತಿರದ ಸೂಟ್‌ಕೇಸು ನೋಡಿದೆ. ಮಗಳು ಅದರ ಹಿಡಿಕೆಗೆ ಕೈ ಹಾಕಿದಳು.

"ಪ್ರಾಣಿದಲ್ಲ ಸಾರ್ ತಪ್ಪು," ಎಂದು ಅತ್ತೆ ಮೂಲೆಯಿಂದ ಹೇಳಿದರು. "ನನ್ನದು. ನನ್ನ ಮೂಗು ಹೋಗಿದೆ. ಒಂದು ವರ್ಷ ಆಯ್ತು. ಸುಮ್ಮನೆ ಮೂಗಿಗೆ ಹಿಡಿದು ಹಿಡಿದು ಕಳಿಸ್ತಿದ್ದೆ."

ನನಗೆ ನೆಲ ಬಾಯಿಬಿಟ್ಟ ಹಾಗಾಯಿತು. ಗಿರಾಕಿಯ ಮುಂದೆ ಅಂಗಡಿಯ ಗುಟ್ಟು ಹೇಳಿಬಿಟ್ಟಿದ್ದರು, ಅದೂ ಇಷ್ಟು ದಿನ ಸ್ವಂತ ಮಗನಿಗೂ ಹೇಳದೆ ಬಚ್ಚಿಟ್ಟದ್ದನ್ನು. ಇವರು "ಅಮ್ಮ" ಎಂದರು. ಮ್ಯಾನೇಜರ ಬಾಯಿ ತೆರೆದೇ ಇತ್ತು.

"ಇನ್ಮೇಲೆ ಮೊಮ್ಮಗಳು ನೋಡ್ತಾಳೆ," ಎಂದರು ಅತ್ತೆ. "ದಿನಾ ಬೆಳಿಗ್ಗೆ. ಕೆಲಸಕ್ಕೆ ಹೋಗೋ ಮುಂಚೆ. ಇಲ್ಲೇ ಇರ್ತಾಳಲ್ಲ." ಕೊನೆಯ ಮಾತು ಹೇಳುವಾಗ ಅವರು ಮ್ಯಾನೇಜರ ಕಡೆ ನೋಡಲಿಲ್ಲ. ಎದ್ದು ಬಂದು ಮೇಲಿನ ಗಂಟಿನಿಂದ ಒಂದು ಹಾಸು ಎಳೆದು ಮೊಮ್ಮಗಳ ಕಡೆ ಚಾಚಿದರು.

ಕೈ ಹಾಗೇ ಚಾಚಿಕೊಂಡಿತ್ತು. ಮಗಳು ಸೂಟ್‌ಕೇಸಿನ ಹಿಡಿಕೆ ಬಿಟ್ಟು ಬಂದು ಹಾಸನ್ನು ತೆಗೆದುಕೊಂಡಳು. ಅಜ್ಜಿ ಹಿಡಿಯುತ್ತಿದ್ದ ಹಾಗೇ ಹಿಡಿದು, ಕಣ್ಣು ಮುಚ್ಚಿ, ಒಂದು ಉಸಿರು ಎಳೆದಳು.

"ಇದು ಹಸಿ ಇದೆ ಅಜ್ಜಿ," ಎಂದಳು. "ತೊಳಿ."

ಅತ್ತೆ ಮ್ಯಾನೇಜರ ಮುಂದೆಯೇ ಇಡೀ ಗಂಟು ಬಿಚ್ಚಿದರು.